ಬೆಸೆದ ಉಂಗುರ

"ಬುದ್ಧಿ, ಕೊಟ್ಟ ಮಾತು ಜಾರಿಹೋಗದಂತೆ ಉಂಗುರ ತೊಡಿಸುವುದು ಹೇಗೆ?"

ಮರಿದೇವ ಹೀಗೆ ಕೇಳಿದಾಗ ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟರು.

ಮರಿದೇವ ಆ ಮಠದಲ್ಲಿ ಆರು ವರ್ಷ ಓದಿದ ಶಿಷ್ಯ. ಮಾರನೆಯ ದಿನ ಬೆಳಿಗ್ಗೆ ಹೆಚ್ಚಿನ ಓದಿಗಾಗಿ ಕಾಶಿಗೆ ಹೊರಡುವವನಿದ್ದ. ಹೋದರೆ ತಿರುಗಿ ಬರುವುದು ಮೂರು ವರ್ಷದ ಮೇಲೆ. ಅವನು ಮೆಚ್ಚಿದ ಹುಡುಗಿ ಸರ್ವಮಂಗಳೆ ಅದೇ ಊರಿನವಳು. ಕಾಯುತ್ತೇನೆ ಎಂದು ಅವಳು ಹೇಳಿದ್ದಳು. ಅವಳ ತಂದೆತಾಯಿಯೂ ಒಪ್ಪಿದ್ದರು. ಆದರೂ ಮರಿದೇವನ ಮನಸ್ಸು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಅವಳು ತಾಯಿಯ ಜೊತೆ ಮಠಕ್ಕೆ ಬಂದಾಗ ಗದ್ದುಗೆಯ ಮುಂದೆ ನಿಲ್ಲಿಸಿ ಬೆರಳಿಗೆ ಉಂಗುರ ತೊಡಿಸಬೇಕು, ಮೂರು ವರ್ಷ ಅದನ್ನು ತೆಗೆಯುವುದಿಲ್ಲವೆಂದು ಅವಳಿಂದ ಆಣೆ ಮಾಡಿಸಬೇಕು, ಗುರುಗಳೇ ನಿಂತು ಅದನ್ನು ನಡೆಸಿಕೊಡಬೇಕು. ಇದು ಅವನ ಬೇಡಿಕೆ.

ಅವಳು ಒಪ್ಪಿದ ಮೇಲೆ ಆಣೆ ಏಕೆ ಎಂದು ಗುರುಗಳು ಕೇಳಿದರು. ಒಪ್ಪಿಗೆ ಬಾಯಿಮಾತಿನಲ್ಲಿದೆ, ಬಾಯಿಮಾತು ಕಣ್ಣಿಗೆ ಕಾಣುವುದಿಲ್ಲ, ತಾನು ದೂರ ಇರುತ್ತೇನೆ ಎಂದು ಮರಿದೇವ ಹೇಳಿದ.

ಗುರುಗಳು ಪಟ್ಟಕ್ಕೆ ಬಂದು ಐದು ತಿಂಗಳಾಗಿತ್ತು ಅಷ್ಟೆ. ಅದಕ್ಕೆ ಮೊದಲು ಇಪ್ಪತ್ತು ವರ್ಷ ಅದೇ ಮಠದ ಪಾಠಶಾಲೆಯಲ್ಲಿ ವ್ಯಾಕರಣ ಹೇಳಿಕೊಟ್ಟಿದ್ದರು. ಹಿಂದಿನ ದೊಡ್ಡ ಗುರುಗಳು ಯಾರು ಏನು ಕೇಳಿದರೂ ಒಂದು ಕತೆ ಹೇಳಿ ಕಳಿಸುತ್ತಿದ್ದರು. ಇವರು ಇದುವರೆಗೆ ಯಾರಿಗೂ ಒಂದು ಕತೆಯನ್ನೂ ಹೇಳಿದವರಲ್ಲ.

"ನನಗೆ ಕತೆ ಹೇಳಿ ಅಭ್ಯಾಸವಿಲ್ಲ, ಮರಿದೇವ," ಎಂದರು. "ದೊಡ್ಡವರಾಗಿದ್ದರೆ ನಾಲ್ಕು ಮಾತಿನಲ್ಲಿ ಮುಗಿಸುತ್ತಿದ್ದರು. ನಾನು ಹೇಳಿದರೆ ಉದ್ದವಾಗುತ್ತದೆ, ಪಾಠದ ಹಾಗೆಯೂ ಆಗುತ್ತದೆ. ಕೆಟ್ಟರೆ ಹೊಟ್ಟೆಗೆ ಹಾಕಿಕೋ."

ಹೀಗೆ ಹೇಳಿ ಅವರು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕಸಾಲಿ ಇದ್ದ. ವಯಸ್ಸು ಚಿಕ್ಕದು, ಕೈ ದೊಡ್ಡದು. ಕೈ ದೊಡ್ಡದು ಎಂದರೆ ಅಳತೆಯಲ್ಲಿ ಅಲ್ಲ, ಕೆಲಸದಲ್ಲಿ ಎಂದು ಗುರುಗಳು ವಿವರಿಸಿದರು. ಅವನು ಬೆಸೆದ ಜಾಗವನ್ನು ಇನ್ನೊಬ್ಬ ಅಕ್ಕಸಾಲಿಯೂ ಹುಡುಕಲಾರ ಎಂದು ಊರಿನವರು ಹೇಳುತ್ತಿದ್ದರು. ಅವನಿಗೂ ಅದು ಗೊತ್ತಿತ್ತು.

ಆ ಊರಿನಲ್ಲಿ ಒಂದು ಪದ್ಧತಿ. ಗಂಡು ಹೆಣ್ಣು ಒಬ್ಬರಿಗೊಬ್ಬರು ಮಾತು ಕೊಟ್ಟರೆ ಗಂಡು ಹೆಣ್ಣಿಗೆ ಒಂದು ಉಂಗುರ ತೊಡಿಸುತ್ತಿದ್ದ. ಅದನ್ನು ಮಾತಿನ ಉಂಗುರ ಎನ್ನುತ್ತಿದ್ದರು. ಅದು ಮದುವೆಯ ಉಂಗುರವಲ್ಲ, ಅದಕ್ಕೂ ಮುಂಚಿನದು. ಈ ಮಾತಿನ ಉಂಗುರದ ಎರಡು ತುದಿಗಳನ್ನು ಆ ಊರಿನ ಅಕ್ಕಸಾಲಿಗಳು ಬೆಸೆಯುತ್ತಿರಲಿಲ್ಲ. ನಡುವೆ ಒಂದು ಜೋಳದ ಕಾಳಿನಷ್ಟು ಸಂದು ಬಿಡುತ್ತಿದ್ದರು. ಮದುವೆಯ ಹಿಂದಿನ ದಿನ ಹೆಣ್ಣು ತಾನೇ ಅಂಗಡಿಗೆ ಬಂದು, ಉಂಗುರವನ್ನು ತಾನೇ ಬೆರಳಿನಿಂದ ತೆಗೆದು, ಬೆಸೆದುಕೊಡಿ ಎಂದು ಕೇಳಬೇಕು. ಆಗ ಮಾತ್ರ ಬೆಸೆಯಬೇಕು. ಸಂದು ಏಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಬೆರಳು ದಪ್ಪವಾಗುತ್ತದೆ, ಸಣ್ಣಗಾಗುತ್ತದೆ, ಅದಕ್ಕೆ ಎಂದು ಕೆಲವರು. ಮನಸ್ಸೂ ಹಾಗೆಯೇ, ಅದಕ್ಕೆ ಎಂದು ಕೆಲವರು. ತಮಗೆ ಎರಡೂ ಸರಿ ಎಂದು ತೋರುತ್ತದೆ, ಇದು ಕತೆಯಲ್ಲಿ ಮುಖ್ಯವಾದ ವಿಷಯ, ನೆನಪಿಟ್ಟುಕೊಳ್ಳಬೇಕು ಎಂದು ಗುರುಗಳು ಹೇಳಿದರು. ಹೇಳಿದ ಮೇಲೆ, ಮುಖ್ಯವೆಂದು ಮೊದಲೇ ಹೇಳಬಾರದಿತ್ತೇನೋ ಎಂದು ಒಂದು ಕ್ಷಣ ತಡೆದರು. ಆಮೇಲೆ ಮುಂದುವರಿಸಿದರು.

ಎಲ್ಲ ಉಂಗುರಗಳೂ ಬೆಸೆಯುವುದಕ್ಕೆಂದು ಅಂಗಡಿಗೆ ಬರುತ್ತಿರಲಿಲ್ಲ. ಕೆಲವು ಕರಗಿಸುವುದಕ್ಕೆ ಬರುತ್ತಿದ್ದವು. ಮುರಿದ ಮಾತಿನ ಉಂಗುರವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹುಡುಗಿಯ ಅಣ್ಣನೋ ಸೋದರಮಾವನೋ ಬಂದು, ತಲೆ ಎತ್ತದೆ, ಕರಗಿಸಿಬಿಡಿ ಎಂದು ಹೇಳಿ ಹೋಗುತ್ತಿದ್ದರು. ಆ ಒಂದು ವರ್ಷದಲ್ಲೇ ಅಂಥವು ನಾಲ್ಕು ಬಂದವು. ನಾಲ್ಕನ್ನೂ ಅವನೇ ಮಾಡಿದ್ದ, ನಾಲ್ಕನ್ನೂ ಅವನೇ ಮೂಸೆಗೆ ಹಾಕಿದ. ಮೂಸೆ ಎಂದರೆ ಚಿನ್ನ ಕರಗಿಸುವ ಮಣ್ಣಿನ ಬಟ್ಟಲು. ಹಾಕುವಾಗ ಪ್ರತಿ ಸಲವೂ ಅವನ ಕಣ್ಣು ಆ ಸಂದಿನ ಮೇಲೆ ಹೋಗುತ್ತಿತ್ತು. ಮಾತು ಇಲ್ಲಿಂದಲೇ ಜಾರಿಹೋಗಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಬೇರೆ ಕೆಲಸದವನಾಗಿದ್ದರೆ ಈ ಯೋಚನೆ ಬರುತ್ತಿರಲಿಲ್ಲ. ಬೇರೆಯವರು ಮದುವೆಯಾದವರನ್ನು ನೋಡುತ್ತಾರೆ, ಇವನು ತಿರುಗಿ ಬಂದ ಉಂಗುರಗಳನ್ನು ನೋಡುತ್ತಿದ್ದ.

ಅವನು ಒಬ್ಬ ಹುಡುಗಿಯನ್ನು ಮೆಚ್ಚಿದ. ಅವಳೂ ಅವನನ್ನು ಮೆಚ್ಚಿದಳು. ಅವಳು ರೇಷ್ಮೆ ಗೂಡಿನಿಂದ ನೂಲು ತೆಗೆಯುವವಳು. ಆ ಕೆಲಸ ಹೇಗೆಂದರೆ, ಒಲೆಯ ಮೇಲೆ ಬಾಣಲೆಯಲ್ಲಿ ನೀರು ಕಾಯುತ್ತಿರುತ್ತದೆ. ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಬೆರಳು ಅದ್ದಿ ಪ್ರತಿ ಗೂಡಿನ ಎಳೆಯ ತುದಿಯನ್ನು ಹುಡುಕಿ ಎತ್ತಿ ರಾಟೆಗೆ ಕೊಡಬೇಕು. ಎಳೆ ಕಣ್ಣಿಗೆ ಕಾಣುವುದು ಕಡಿಮೆ, ಬೆರಳಿಗೆ ತಿಳಿಯುವುದು ಹೆಚ್ಚು. ಬೆಳಿಗ್ಗೆಯಿಂದ ಸಂಜೆಯವರೆಗೆ ಕೈ ಬಿಸಿನೀರಿನಲ್ಲೇ. ಬೆಳಿಗ್ಗೆ ತೆಳ್ಳಗಿದ್ದ ಬೆರಳು ಮಧ್ಯಾಹ್ನಕ್ಕೆ ಊದಿಕೊಳ್ಳುತ್ತದೆ, ರಾತ್ರಿ ಮಲಗಿ ಎದ್ದರೆ ಮತ್ತೆ ಇಳಿಯುತ್ತದೆ. ಆ ಕೆಲಸದ ಎಲ್ಲ ಹೆಂಗಸರಿಗೂ ಇದು ಗೊತ್ತು. ಅಕ್ಕಸಾಲಿಗೆ ಗೊತ್ತಿರಲಿಲ್ಲ. ಅವನು ಅವಳ ಬೆರಳಿನ ಅಳತೆ ತೆಗೆದುಕೊಂಡದ್ದು ಒಂದು ಬೆಳಿಗ್ಗೆ, ಅವಳು ಇನ್ನೂ ಕೆಲಸಕ್ಕೆ ಕೂರುವ ಮೊದಲು.

ಅಳತೆ ತಪ್ಪಿತು, ಅದು ಒಂದು. ಅದು ಕ್ಷಮಿಸಬಹುದಾದದ್ದು ಎಂದು ಗುರುಗಳು ಹೇಳಿದರು. ಆದರೆ ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಅಳತೆಯ ದಾರಕ್ಕಿಂತ ಒಂದು ಕೂದಲಿನಷ್ಟು ಬಿಗಿಯಾಗಿ ಉಂಗುರ ಮಾಡಿದ. ಗಟ್ಟಿಯಾಗಿರಲಿ ಎಂದು ಕಂಬಿಯನ್ನು ಬಡಿದು ಬಡಿದು ಬಲಪಡಿಸಿದ. ಕೊನೆಗೆ ಸಂದು ಬಿಡಬೇಕಾದ ಜಾಗದಲ್ಲಿ ಬಿಡಲಿಲ್ಲ. ಎರಡು ತುದಿಗಳನ್ನು ಬೆಸೆದ. ಬೆಸೆದು ಅರದಿಂದ ಉಜ್ಜಿ ನಯ ಮಾಡಿದ. ಊರಿನಲ್ಲಿ ಯಾರಿಗೂ ಮಾಡದ ಕೆಲಸವನ್ನು ತನಗೆ ಮಾಡಿಕೊಂಡ. ಉಳಿದವರ ಮಾತು ಜಾರಬಹುದು, ತನ್ನದು ಜಾರಬಾರದು ಎಂದು ಅವನ ಎಣಿಕೆ.

ಹರಳೆಣ್ಣೆ ಹಚ್ಚಿ ತೊಡಿಸಿದ. ಗೆಣ್ಣು ದಾಟುವಾಗ ಅವಳಿಗೆ ನೋವಾಯಿತು. ಅವಳು ನಕ್ಕಳು. ನಿಮ್ಮ ಅಂಗಡಿಯಲ್ಲಿ ಚಿನ್ನಕ್ಕೆ ಬರ ಬಂದಿದೆಯೇ, ಇನ್ನೊಂದು ಗುಲಗಂಜಿಯಷ್ಟು ಹಾಕಿದ್ದರೆ ಏನಾಗುತ್ತಿತ್ತು ಎಂದು ಹಾಸ್ಯ ಮಾಡಿದಳು. ಅವನು ನಗಲಿಲ್ಲ.

"ಇದು ನಿನ್ನ ಬೆರಳಿನಿಂದ ಬಂದ ದಿನ ನಮ್ಮ ಮಾತು ಮುಗಿಯಿತೆಂದು ತಿಳಿಯುತ್ತೇನೆ," ಎಂದ.

ಅವಳೂ ನಗುವುದನ್ನು ನಿಲ್ಲಿಸಿದಳು. ಆಗಲಿ ಎಂದಳು.

ಇಲ್ಲಿಯವರೆಗೆ ಕೇಳಿ ಮರಿದೇವ ಕುಳಿತಲ್ಲೇ ಸ್ವಲ್ಪ ಮುಂದಕ್ಕೆ ಸರಿದ. ಅಕ್ಕಸಾಲಿ ಆಡಿದ ಮಾತು ಅವನಿಗೆ ಸರಿಯಾದ ಮಾತೆಂದೇ ತೋರಿತ್ತು. ಗುರುಗಳು ಅವನ ಮುಖ ನೋಡಿದರು. ನೋಡಿ, ಮುಂದಿನದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇಲ್ಲದಿದ್ದರೆ ಹಿಂದುಮುಂದಾಗುತ್ತದೆ ಎಂದರು.

ಉಂಗುರ ತೊಡಿಸಿದ ಮಾರನೆಯ ದಿನವೇ ಅಕ್ಕಸಾಲಿ ಬೇರೆ ಊರಿಗೆ ಹೋದ. ಅಲ್ಲಿಯ ದೇವರಿಗೆ ಕಿರೀಟ ಮಾಡುವ ಕೆಲಸ. ಹದಿನೈದು ದಿನ ಹಿಡಿಯಿತು. ಹದಿನೈದು ದಿನವೂ ಅವನು ನೆಮ್ಮದಿಯಾಗಿದ್ದ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ. ಕೆಲಸ ಮುಗಿಸಿ ಬಂದವನು ಮನೆಗೂ ಹೋಗದೆ, ಒಂದು ಮೊಳ ಮಲ್ಲಿಗೆ ಕೊಂಡು, ನೇರವಾಗಿ ಅವಳು ಕೆಲಸ ಮಾಡುವ ಜಾಗಕ್ಕೆ ಹೋದ.

ಆರು ಬಾಣಲೆ, ಆರು ಹೆಂಗಸರು. ಅವನು ಬಾಗಿಲಲ್ಲಿ ನಿಂತ ಕೂಡಲೇ ರಾಟೆಗಳ ಸದ್ದು ಒಂದೊಂದಾಗಿ ನಿಂತಿತು. ಸಾಮಾನ್ಯವಾಗಿ ಅವನು ಬಂದರೆ ಹೆಂಗಸರು ಛೇಡಿಸುತ್ತಿದ್ದರು. ಬಂದರಮ್ಮ ನಿಮ್ಮ ಚಿನ್ನದಂಥವರು ಎನ್ನುತ್ತಿದ್ದರು. ಅಂದು ಯಾರೂ ಏನೂ ಅನ್ನಲಿಲ್ಲ. ಅವಳು ಕೊನೆಯ ಬಾಣಲೆಯ ಮುಂದೆ ಕುಳಿತಿದ್ದಳು. ಅವನನ್ನು ಕಂಡು ಎದ್ದಳು. ಏಳುವಾಗ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅವನು ಅದನ್ನು ನೋಡಿದ. ನೋಡಲಿಲ್ಲವೆನ್ನುವಂತೆ ಮಲ್ಲಿಗೆ ನೀಡಿದ. ಅವಳು ಎಡಗೈ ಚಾಚಿ ತೆಗೆದುಕೊಂಡಳು.

ಹೂವನ್ನು ಎಡಗೈಯಲ್ಲಿ ತೆಗೆದುಕೊಳ್ಳುವ ಹೆಣ್ಣಲ್ಲ ಅವಳು. ಯಾರೂ ಹಾಗೆ ತೆಗೆದುಕೊಳ್ಳುವುದಿಲ್ಲ, ಅದು ನಿನಗೂ ಗೊತ್ತು, ಆದರೂ ಹೇಳುತ್ತಿದ್ದೇನೆ ಎಂದರು ಗುರುಗಳು. ಉಂಗುರ ಇಲ್ಲ, ಅದಕ್ಕೇ ಕೈ ಮುಚ್ಚಿದ್ದಾಳೆ ಎಂದು ಅಕ್ಕಸಾಲಿ ಅಂದುಕೊಂಡ. ಹದಿನೈದೇ ದಿನ ಎಂದುಕೊಂಡ. ಯಾರಿರಬಹುದು ಎಂದುಕೊಂಡ. ಗೂಡು ಮಾರುವವನು ಒಬ್ಬ ವಾರಕ್ಕೆರಡು ಸಲ ಬಂದು ಹೋಗುತ್ತಿದ್ದದ್ದು ನೆನಪಾಯಿತು. ಆ ಗೂಡಿನವನಿಗೆ ಅರವತ್ತು ವರ್ಷ, ಮೊಮ್ಮಕ್ಕಳಿದ್ದರು. ಅನುಮಾನ ವಯಸ್ಸು ಕೇಳುವುದಿಲ್ಲ.

ಬಲಗೈ ತೋರಿಸು ಎಂದ. ನಾಳೆ ತೋರಿಸುತ್ತೇನೆ, ಈಗ ಕೈ ಒದ್ದೆಯಾಗಿದೆ ಎಂದಳು. ನಿನ್ನ ಕೈ ಒಣಗಿದ್ದು ಯಾವಾಗ ಎಂದು ಅವನು ಕೇಳಿದ. ಅವನ ದನಿ ಏರಿತು. ನಾಲ್ಕು ಕರಗಿಸಿದ್ದೇನೆ, ಐದನೆಯದನ್ನೂ ಕೊಟ್ಟುಬಿಡು, ನಿನ್ನ ಅಣ್ಣನ ಕೈಯಲ್ಲಿ ಕಳಿಸುವ ಶ್ರಮ ಬೇಡ ಎಂದ. ಐದು ಜನ ಹೆಂಗಸರ ಮುಂದೆ ಹೀಗೆ ಹೇಳಿದ.

ಅವಳು ಅವನ ಮುಖವನ್ನೇ ನೋಡುತ್ತಾ ಸೆರಗು ಸರಿಸಿದಳು. ಕೈಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದಳು.

ಉಂಗುರ ಇತ್ತು.

ಗುರುಗಳು ಇಲ್ಲಿ ನಿಲ್ಲಿಸಿ ಗಂಟಲು ಸರಿಮಾಡಿಕೊಂಡರು. ಉಂಗುರ ಕಂಡಾಗ ಅಕ್ಕಸಾಲಿಗೆ ಮೊದಲು ಆದದ್ದು ಸಂತೋಷ. ಇದನ್ನು ಬಿಟ್ಟು ಹೇಳಬಹುದಿತ್ತು, ಬಿಟ್ಟರೆ ಅವನು ಒಳ್ಳೆಯವನಾಗಿ ಕಾಣುತ್ತಾನೆ, ಆದರೆ ಕತೆ ಸುಳ್ಳಾಗುತ್ತದೆ ಎಂದರು. ಅವನು ಕೆಟ್ಟವನಲ್ಲ. ಆದರೆ ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಅವನು ಉಂಗುರವನ್ನು ಮಾತ್ರ ನೋಡಿದ. ಆಮೇಲೆ ಬೆರಳನ್ನು ನೋಡಿದ.

ಉಂಗುರ ಮಾಂಸದಲ್ಲಿ ಹೂತುಹೋಗಿತ್ತು. ಎರಡೂ ಕಡೆ ಚರ್ಮ ಉಬ್ಬಿ ಅದರ ಮೇಲೆ ಬಂದಿತ್ತು. ಉಂಗುರದಿಂದ ಅಂಗೈ ಕಡೆಗೆ ಬೆರಳು ಬೆರಳಿನ ಬಣ್ಣದಲ್ಲಿತ್ತು, ಉಂಗುರದಿಂದ ಆಚೆಗೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ತುದಿಯನ್ನು ಅವನು ಮುಟ್ಟಿದ. ಅವಳಿಗೆ ಮುಟ್ಟಿದ್ದು ತಿಳಿಯಲಿಲ್ಲ.

ಎಷ್ಟು ದಿನವಾಯಿತು ಎಂದು ಕೇಳಿದ. ಪಕ್ಕದ ಬಾಣಲೆಯ ಮುದುಕಿ ಹೇಳಿದಳು. ಎರಡನೆಯ ದಿನವೇ ಊದಿತು. ಎಣ್ಣೆ ಹಚ್ಚಿದರು, ಸೀಗೆ ಹಚ್ಚಿದರು, ಗೆಣ್ಣು ದಾಟಲಿಲ್ಲ. ಐದನೆಯ ದಿನ ಇನ್ನೊಬ್ಬ ಅಕ್ಕಸಾಲಿಯ ಹತ್ತಿರ ಹೋಗಿ ಕತ್ತರಿಸಿಕೊಂಡು ಬಾ ಎಂದರು, ಅವಳು ಕೇಳಲಿಲ್ಲ. ಉಂಗುರ ಬೆರಳಿನಿಂದ ಬಂದ ದಿನ ಮಾತು ಮುಗಿಯುತ್ತದೆಂದು ಅವರು ಹೇಳಿದ್ದಾರೆ ಎಂದಳಂತೆ. ಹಾಗಾದರೆ ಅವನಿಗೇ ಹೇಳಿ ಕಳಿಸೋಣ ಎಂದರು. ಅದೂ ಬೇಡ, ಬಿಡಿಸಿಕೊಳ್ಳಲು ನೆಪ ಹುಡುಕುತ್ತಿದ್ದಾಳೆ ಎಂದುಕೊಳ್ಳುತ್ತಾರೆ ಎಂದಳಂತೆ. ಮೂರು ದಿನದಿಂದ ಎಡಗೈಯಲ್ಲೇ ಎಳೆ ಹುಡುಕುತ್ತಿದ್ದಾಳೆ.

ಮುದುಕಿ ಇಷ್ಟು ಹೇಳಿ, ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಎಮ್ಮೆಗೆ ಕಣ್ಣಿ ಹಾಕೋನೂ ಕೊರಳ ಸಂದೀಲಿ ಕೈ ತೂರಿಸಿ ನೋಡ್ತಾನೆ ಕಣಪ್ಪ. ನೀನು ಕಸುಬಿನೋನು."

ಅವನು ಅಂಗಡಿಗೆ ಓಡಿದ. ಗರಗಸ, ಇಕ್ಕಳ, ಒಂದು ತೆಳ್ಳನೆಯ ತಗಡು ತಂದ. ಕೈಯಲ್ಲಿರುವ ಉಂಗುರವನ್ನು ಕತ್ತರಿಸುವಾಗ ಉಂಗುರಕ್ಕೂ ಬೆರಳಿಗೂ ನಡುವೆ ತಗಡು ತೂರಿಸಬೇಕು. ಗರಗಸದ ಹಲ್ಲು ಚರ್ಮಕ್ಕೆ ತಾಗದಿರಲು ಅದೇ ಉಪಾಯ. ಸಂದು ಇರುವ ಉಂಗುರವಾಗಿದ್ದರೆ ತಗಡೂ ಬೇಡ, ಗರಗಸವೂ ಬೇಡ, ಇಕ್ಕಳದಿಂದ ಅಗಲಿಸಿದರೆ ಸಾಕಾಗುತ್ತಿತ್ತು. ಇದರಲ್ಲಿ ತಗಡು ತೂರಿಸಲು ಜಾಗವೇ ಇರಲಿಲ್ಲ. ಒಂದು ಕೂದಲು ತೂರಿಸಲೂ ಜಾಗವಿರಲಿಲ್ಲ. ಬೆಸೆದ ಜಾಗ ಉಳಿದ ಕಂಬಿಗಿಂತ ಬೇಗ ಬಿಡಬಹುದೆಂದು ಅವನು ಅದನ್ನು ಹುಡುಕಿದ. ಯಾರಿಗೂ ಸಿಗದಂತೆ ಉಜ್ಜಿದ್ದನಲ್ಲ, ಅವನಿಗೂ ಸಿಗಲಿಲ್ಲ.

ಇದ್ದಲ್ಲೇ ಗರಗಸ ಇಟ್ಟ. ಒಬ್ಬಳು ಅವಳ ಮಣಿಕಟ್ಟು ಹಿಡಿದಳು. ಮುದುಕಿ ಚೊಂಬಿನಿಂದ ತಣ್ಣೀರು ಬಿಡುತ್ತಿದ್ದಳು, ಏಕೆಂದರೆ ಗರಗಸ ಆಡಿದಂತೆ ಚಿನ್ನ ಕಾಯುತ್ತದೆ, ಕಾದ ಚಿನ್ನ ಸುಡುತ್ತದೆ. ಬಡಿದು ಬಲಪಡಿಸಿದ ಕಂಬಿ ಸುಲಭವಾಗಿ ಬಿಡಲಿಲ್ಲ. ಅರ್ಧ ಹೋಯಿತು. ಇನ್ನು ಅರ್ಧ ಇತ್ತು. ಆ ಅರ್ಧದ ಕೆಳಗೆ ಎಷ್ಟು ಚಿನ್ನ, ಎಲ್ಲಿಂದ ಬೆರಳು ಎಂಬುದು ಅವನಿಗೆ ಕಾಣುತ್ತಿರಲಿಲ್ಲ. ಊರಿನಲ್ಲೇ ಹೆಸರಾದ ಕೈ ನಡುಗಲು ಶುರುವಾಯಿತು. ಅವನು ಗರಗಸ ಎತ್ತಿದ. ಮತ್ತೆ ಇಟ್ಟ. ಮತ್ತೆ ಎತ್ತಿದ.

ಅಷ್ಟು ಹೊತ್ತು ಮಾತಾಡದಿದ್ದವಳು ಆಗ ಮಾತಾಡಿದಳು.

"ನನ್ನ ಕೈ ನಡುಗುತ್ತಿಲ್ಲ. ನಿಮ್ಮದು ಏಕೆ ನಡುಗಬೇಕು? ಕತ್ತರಿಸಿ."

ಅವನು ಕತ್ತರಿಸಿದ. ಕೊನೆಯ ಎಳೆ ಬಿಡುವಾಗ ಗರಗಸ ಜಾರಿತು. ಅವಳು ಸೆರಗಿನ ತುದಿಯನ್ನು ಕಚ್ಚಿ ಹಿಡಿದಿದ್ದಳು, ಕೂಗಲಿಲ್ಲ. ಅವನು ಇಕ್ಕಳ ಹಾಕಿ ಉಂಗುರವನ್ನು ಅಗಲಿಸಿದ. ಅದು ಬರುವಾಗ ಬರೀ ಉಂಗುರವಾಗಿ ಬರಲಿಲ್ಲ. ಹೆಂಗಸರು ಬೆರಳಿಗೆ ಬಟ್ಟೆ ಸುತ್ತಿದರು. ಗೂಡು ತಂದಿದ್ದ ಗಾಡಿ ಹೊರಗೆ ನಿಂತಿತ್ತು. ಆ ಮುದಿ ಗೂಡಿನವನೇ ಮೂಟೆಗಳನ್ನು ಕೆಳಗೆ ಹಾಕಿ, ಅವಳನ್ನು ಹತ್ತಿಸಿಕೊಂಡು ವೈದ್ಯರ ಊರಿಗೆ ಹೊಡೆದ. ಮುದುಕಿ ಜೊತೆಗೆ ಹತ್ತಿದಳು. ಅಕ್ಕಸಾಲಿಯನ್ನು ಹತ್ತು ಎಂದು ಯಾರೂ ಕರೆಯಲಿಲ್ಲ, ಅವನಿಗೂ ಹತ್ತುವ ಧೈರ್ಯ ಬರಲಿಲ್ಲ. ಅವನು ಬಾಣಲೆಯ ಪಕ್ಕದಲ್ಲಿ ನಿಂತೇ ಇದ್ದ. ಉಂಗುರ ಅವನ ಅಂಗೈಯಲ್ಲಿತ್ತು.

ಗುರುಗಳು ಉತ್ತರೀಯದಿಂದ ಹಣೆ ಒರೆಸಿಕೊಂಡರು. ಮರಿದೇವ ಅಲುಗದೆ ಕುಳಿತಿದ್ದ.

ಕತೆ ಹೇಳಿ ಅರ್ಥ ಬಿಡಬಾರದು ಎಂದು ಗುರುಗಳಿಗೆ ಅನ್ನಿಸಿತು. ದೊಡ್ಡ ಗುರುಗಳು ಅರ್ಥ ಹೇಳುತ್ತಿರಲಿಲ್ಲ ಎಂಬುದು ಅವರಿಗೆ ನೆನಪಿತ್ತು. ಆದರೆ ದೊಡ್ಡವರು ಹೇಳಿದ ಕತೆಗೆ ಅರ್ಥ ತಾನಾಗಿ ಬರುತ್ತಿತ್ತು, ತಮ್ಮ ಕತೆಗೆ ಬರುತ್ತದೆಯೋ ಇಲ್ಲವೋ ಎಂಬ ಅಂಜಿಕೆ. ಹಾಗಾಗಿ ಒಂದೊಂದಾಗಿ ಬಿಡಿಸಿ ಹೇಳಲು ತೊಡಗಿದರು. ಚಿನ್ನ ಎಂದರೆ ಪ್ರೀತಿ ಎಂದು ತಿಳಿ. ಅದರಲ್ಲಿ ದೋಷವಿರಲಿಲ್ಲ, ಅವನ ಚಿನ್ನ ಅಪ್ಪಟ. ಬೆಸುಗೆ ಎಂದರೆ ಭಯ. ಅದು ಚಿನ್ನದಂತೆಯೇ ಹೊಳೆಯುತ್ತದೆ, ಆದ್ದರಿಂದ ಎಲ್ಲಿ ಪ್ರೀತಿ ಮುಗಿದು ಎಲ್ಲಿ ಭಯ ಶುರುವಾಗುತ್ತದೆ ಎಂದು ಮಾಡಿದವನಿಗೂ ಸಿಗುವುದಿಲ್ಲ. ಇನ್ನು ಬಿಸಿನೀರು ಎಂದರೆ ದಿನದಿನದ ಬದುಕು, ಅದರಲ್ಲಿ ಯಾರ ಬೆರಳೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಇನ್ನು ಆ ಸಂದು ಇದೆಯಲ್ಲ, ಅದಕ್ಕೆ ಎರಡು ಅರ್ಥ ಹೇಳಬಹುದು, ಮೊದಲನೆಯದು...

ಮರಿದೇವನಿಗೆ ತಡೆಯಲಾಗಲಿಲ್ಲ.

"ಬುದ್ಧಿ, ಅರ್ಥ ಆಮೇಲೆ ಹೇಳಿ. ಉಂಗುರ ಹೋದ ಮೇಲೆ ಏನಾಯಿತು? ಅವಳು ಮಾತು ಉಳಿಸಿಕೊಂಡಳೇ?"

ಗುರುಗಳು ಅವನನ್ನು ನೋಡಿದರು. ಅವನ ಮುಖದಲ್ಲಿ ಹುಡುಗಾಟವಿರಲಿಲ್ಲ. ಬೆಳಿಗ್ಗೆ ಬರುವವಳ ಕೈಯನ್ನು ಹಿಡಿಯಬೇಕೋ ಬೇಡವೋ ಎಂಬುದು ಈ ಒಂದು ಉತ್ತರದ ಮೇಲೆ ನಿಂತಿದೆ ಎನ್ನುವಂತೆ ಅವನು ಕೇಳಿದ್ದ. ಗುರುಗಳು, ಅದನ್ನು ಹೇಳುವ ಮೊದಲು ಸಂದಿನ ಮೊದಲನೆಯ ಅರ್ಥವನ್ನು ಮುಗಿಸಬೇಕು, ಇಲ್ಲದಿದ್ದರೆ ನಿನಗೆ ಅದು... ಎಂದು ಶುರುಮಾಡಿದರು.

ಅಷ್ಟರಲ್ಲಿ ಅಡುಗೆಮನೆಯ ಕಡೆಯಿಂದ ಮಠದ ಅಡುಗೆಯವರು ಕೂಗಿದರು. ಪಂಕ್ತಿ ಕೂತು ಆಗಲೇ ಬಹಳ ಹೊತ್ತಾಯಿತು, ಎಲೆಯ ಮೇಲೆ ಅನ್ನ ಆರುತ್ತಿದೆ, ಬುದ್ಧಿಯವರು ಬಂದು ಕೈ ಮುಗಿಯದೆ ಯಾರೂ ತುತ್ತು ಎತ್ತುವಂತಿಲ್ಲ, ಮಕ್ಕಳು ಹಸಿದಿದ್ದಾರೆ ಎಂದರು.

ಗುರುಗಳು ಬಂದೆ ಎಂದು ಎದ್ದರು. ಅರ್ಧಕ್ಕೆ ನಿಂತ ಮಾತನ್ನು ಮುಗಿಸಲು ಒಂದು ಸಲ ತಿರುಗಿದರು, ಮತ್ತೆ ಕೂಗಿದ್ದು ಕೇಳಿ ಪಾದುಕೆ ಮೆಟ್ಟಿದರು. ಮರಿದೇವನೂ ಎದ್ದು ನಿಂತ. ಉತ್ತರ ಸಿಗದೆ ಬಿಡಲಾರೆ ಎನ್ನುವಂತೆ ಬಾಗಿಲಿನವರೆಗೂ ಹಿಂದೆಯೇ ಬಂದು, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದ.

ಗುರುಗಳು ಹೊಸ್ತಿಲ ಮೇಲೆ ನಿಂತರು.

"ಅವಳ ಬೆರಳು ಉಳಿಯಿತೇ ಎಂದು ನೀನು ಕೇಳಲೇ ಇಲ್ಲ, ಮರಿದೇವ."